ಲಯೋನೆಲ್ ಹ್ಯಾಂಪ್ಟನ್: ವೇದಿಕೆಯ ಗೆರೆ ಮತ್ತು ಲೆಕ್ಕದ ಪುಸ್ತಕ

ದನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ.

ಗಡಿನಾಡ ಕನ್ನಡದ ಬಗ್ಗೆ ನಾವು ಸೇರಿರುವ ಈ ಗೋಷ್ಠಿಯಲ್ಲಿ ಅಮೆರಿಕದ ಒಬ್ಬ ಜಾಸ್ ವಾದಕನ ಮೇಲೆ ಪ್ರಬಂಧ ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ಗೆರೆ ದಾಟಿದವರ ಕತೆಯನ್ನು ನಾವು ಹೇಳುವ ರೀತಿಯ ಬಗ್ಗೆ ನನಗೊಂದು ತಕರಾರಿದೆ, ಅದಕ್ಕೆ. ಆ ಕತೆ ಯಾವಾಗಲೂ ಒಂದು ರಾತ್ರಿಯ ಸಾಹಸವಾಗಿ ಬರುತ್ತೆ. ಇಂಥ ದಿನ, ಇಂಥ ವೇದಿಕೆಯಲ್ಲಿ, ಇಂಥವರು ಗೆರೆ ದಾಟಿದರು, ಚಪ್ಪಾಳೆ. ಗೆರೆಯ ಮೇಲೇ ಬದುಕುವವರಿಗೆ ದಾಟುವುದು ದಿನದ ಕೆಲಸ. ಊಟ ಎಲ್ಲಿ, ಮಲಗೋದು ಎಲ್ಲಿ, ಸಂಬಳ ಯಾರ ಕೈಯಿಂದ ಬರುತ್ತೆ ಅನ್ನೋದು ಅವರ ಪ್ರಶ್ನೆ. ವೈಬ್ರಫೋನ್ ವಾದಕ ಲಯೋನೆಲ್ ಹ್ಯಾಂಪ್ಟನ್‌ನ ಬದುಕಿನಲ್ಲಿ ಈ ಎರಡೂ ಕತೆಗಳು ಒಟ್ಟಿಗೆ ಸಿಗುತ್ತವೆ. ಮೊದಲನೆಯದನ್ನು ಜಾಸ್ ಚರಿತ್ರೆಗಳು ಬಾಯ್ತುಂಬ ಹೇಳುತ್ತವೆ, ಎರಡನೆಯದನ್ನು ತಮಾಷೆಯ ಪ್ರಸಂಗಗಳ ಹಾಗೆ ಅಲ್ಲಲ್ಲಿ ಚೆಲ್ಲಿಬಿಡುತ್ತವೆ. ಇಲ್ಲಿ ನಾನು ಎರಡನ್ನೂ ಜೊತೆಗಿಟ್ಟು ನೋಡುತ್ತೇನೆ.

ಮೊದಲು ವಾದ್ಯದ ಬಗ್ಗೆ ಹೇಳಿಬಿಡ್ತೀನಿ. ನಮಗೆ ಜಲತರಂಗ ಗೊತ್ತು, ಮಕ್ಕಳು ಆಡುವ ಕ್ಸೈಲೋಫೋನ್ ಗೊತ್ತು. ವೈಬ್ರಫೋನ್ ಆ ಜಾತಿಯದೇ. ಪಿಯಾನೋ ಮನೆಗಳ ಕ್ರಮದಲ್ಲಿ ಲೋಹದ ಪಟ್ಟಿಗಳನ್ನು ಜೋಡಿಸಿರುತ್ತಾರೆ, ಸಾಮಾನ್ಯವಾಗಿ ಮೂರು ಸಪ್ತಕಗಳಷ್ಟು. ಪ್ರತಿ ಪಟ್ಟಿಯ ಕೆಳಗೆ ಒಂದು ಕೊಳವೆ, ಕೊಳವೆಯ ಬಾಯಲ್ಲಿ ಒಂದು ಬಿಲ್ಲೆ. ಸಣ್ಣದೊಂದು ವಿದ್ಯುತ್ ಮೋಟಾರು ಈ ಬಿಲ್ಲೆಗಳನ್ನು ತಿರುಗಿಸುತ್ತಾ ಇರುತ್ತೆ. ಬಿಲ್ಲೆ ಬಾಯಿ ಮುಚ್ಚಿ ತೆರೆದ ಹಾಗೆಲ್ಲ ನಾದ ಅಲೆಅಲೆಯಾಗಿ ಹೊರಗೆ ಬರುತ್ತೆ. ಕಾಲ ಕೆಳಗೆ ಒಂದು ಪೆಡಲ್: ಒತ್ತಿ ಹಿಡಿದರೆ ನಾದ ತೇಲುತ್ತಾ ಇರುತ್ತೆ, ಬಿಟ್ಟರೆ ತಕ್ಷಣ ನಿಲ್ಲುತ್ತೆ. ಇಂಡಿಯಾನಾಪೊಲಿಸ್‌ನ ಲೀಡಿ ಕಂಪನಿ 1920ರ ದಶಕದ ಶುರುವಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಶಿಕಾಗೋದ ಡೀಗನ್ ಕಂಪನಿ 1927ರಲ್ಲಿ ಅಲ್ಯೂಮಿನಿಯಂ ಪಟ್ಟಿ ಹಾಕಿ, ಪೆಡಲ್ ಸೇರಿಸಿ ಈಗಿನ ರೂಪಕ್ಕೆ ಹತ್ತಿರ ತಂದಿತು.

ಗಮನಿಸಬೇಕಾದ ಅಂಶ ಏನಂದ್ರೆ, ಆ ಹೊತ್ತಿಗೆ ಇದು ಗಂಭೀರ ವಾದ್ಯ ಅನ್ನಿಸಿಕೊಂಡಿರಲೇ ಇಲ್ಲ. ರಂಜನೆಯ ನಾಟಕಶಾಲೆಗಳಲ್ಲಿ ಒಂದು ಚಮತ್ಕಾರ, ರೇಡಿಯೋದಲ್ಲಿ ಗಂಟೆ ಬಾರಿಸೋಕೆ ಒಂದು ಸಲಕರಣೆ, ಅಷ್ಟೆ. ಪಿಟೀಲಿಗೆ, ಪಿಯಾನೋಗೆ ಇರುವ ಹಾಗೆ ಶತಮಾನಗಳ ಮನೆತನ ಇದಕ್ಕಿಲ್ಲ. ಇದನ್ನು ಹೀಗೇ ಬಾರಿಸಬೇಕು, ಇಂಥವರೇ ಬಾರಿಸಬೇಕು ಅಂತ ಹೇಳುವ ಹಿರಿಯರೂ ಇರಲಿಲ್ಲ. ವಾರಸುದಾರರಿಲ್ಲದ ಈ ವಾದ್ಯ ಒಬ್ಬ ಕಪ್ಪು ಹುಡುಗನ ಕೈಗೆ ಸಿಕ್ಕಿತು.

ಹ್ಯಾಂಪ್ಟನ್ ಹುಟ್ಟಿದ್ದು 1908ರ ಏಪ್ರಿಲ್ 20ರಂದು, ಕೆಂಟಕಿಯ ಲೂಯಿವಿಲ್‌ನಲ್ಲಿ. ತಂದೆ ಚಾರ್ಲ್ಸ್ ಮೊದಲ ಮಹಾಯುದ್ಧಕ್ಕೆ ಹೋದವನು ಕಾಣೆಯಾದ. ಸತ್ತನೆಂದೇ ಮನೆಯವರು ನಂಬಿದ್ದರು. ಎಷ್ಟೋ ವರ್ಷದ ಮೇಲೆ ಓಹಾಯೋ ರಾಜ್ಯದ ಡೇಟನ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ಕಣ್ಣು ಕಳೆದುಕೊಂಡ ತಂದೆಯನ್ನು ಭೇಟಿಯಾದ ಪ್ರಸಂಗವನ್ನು ಹ್ಯಾಂಪ್ಟನ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1989ರಲ್ಲಿ ಬಂದ ಆ ಪುಸ್ತಕದ ಹೆಸರು ‘ಹ್ಯಾಂಪ್’, ಜೊತೆಗಾರ ಲೇಖಕ ಜೇಮ್ಸ್ ಹ್ಯಾಸ್ಕಿನ್ಸ್. ಹುಡುಗ ಬೆಳೆದದ್ದು ತಾಯಿಯ ಕಡೆಯವರ ಜೊತೆ, ಮೊದಲು ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಆಮೇಲೆ ಉತ್ತರಕ್ಕೆ ಬಂದು ವಿಸ್ಕಾನ್ಸಿನ್ ಮತ್ತು ಶಿಕಾಗೋದಲ್ಲಿ. ದಕ್ಷಿಣದ ಕಪ್ಪು ಕುಟುಂಬಗಳು ಲಕ್ಷಗಟ್ಟಲೆ ಗಂಟುಮೂಟೆ ಕಟ್ಟಿಕೊಂಡು ಉತ್ತರದ ಕಾರ್ಖಾನೆ ಊರುಗಳಿಗೆ ಹೊರಟ ಕಾಲ ಅದು. ವಿಸ್ಕಾನ್ಸಿನ್ನಿನ ಒಂದು ಕ್ಯಾಥೊಲಿಕ್ ಶಾಲೆಯಲ್ಲಿ ಡೊಮಿನಿಕನ್ ಪಂಥದ ಸನ್ಯಾಸಿನಿಯೊಬ್ಬರು ಅವನಿಗೆ ಡ್ರಮ್ಮಿನ ಪಾಠ ಹೇಳಿಕೊಟ್ಟರು.

ಶಿಕಾಗೋದಲ್ಲಿ ಅವನನ್ನು ಸಾಕಿದವರಲ್ಲಿ ಸೋದರಮಾವ ರಿಚರ್ಡ್ ಮಾರ್ಗನ್ ಮುಖ್ಯ. ಪಾನನಿಷೇಧದ ದಿನಗಳಲ್ಲಿ ಕದ್ದು ಮದ್ಯ ಮಾರುತ್ತಿದ್ದ ಮನುಷ್ಯ, ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಸಂಗೀತಗಾರರ ಒಡನಾಟವೂ ಇತ್ತು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ 1937ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಆ ಕಾರು ಓಡಿಸುತ್ತಿದ್ದವನು ಇದೇ ಮಾರ್ಗನ್. ಹುಡುಗ ‘ಶಿಕಾಗೋ ಡಿಫೆಂಡರ್’ ಪತ್ರಿಕೆಯ ಬ್ಯಾಂಡಿಗೆ ಸೇರಿದ. ಕಪ್ಪು ಜನರೇ ನಡೆಸುತ್ತಿದ್ದ ಪತ್ರಿಕೆ ಅದು. ಪೇಪರು ಮಾರುವ ಹುಡುಗರದೇ ಒಂದು ಬ್ಯಾಂಡು, ಅದಕ್ಕೆ ಮೇಜರ್ ಎನ್. ಕ್ಲಾರ್ಕ್ ಸ್ಮಿತ್ ಎಂಬ ಕಟ್ಟುನಿಟ್ಟಿನ ಮೇಷ್ಟ್ರು. ಜಿಮ್ಮಿ ಬರ್ಟ್ರಂಡ್ ಎಂಬ ಡ್ರಮ್ ವಾದಕ ಕ್ಸೈಲೋಫೋನ್ ಕೈಗೆ ಹತ್ತಿಸಿದ. 1920ರ ದಶಕದ ಕೊನೆಯ ಹೊತ್ತಿಗೆ ಹ್ಯಾಂಪ್ಟನ್ ಕ್ಯಾಲಿಫೋರ್ನಿಯಾದಲ್ಲಿದ್ದ. ಮುಖ್ಯವಾಗಿ ಡ್ರಮ್ ವಾದಕನಾಗಿ.

1930ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಲಾಸ್ ಏಂಜಲೀಸ್ ಹತ್ತಿರದ ಕಲ್ವರ್ ಸಿಟಿಯ ಸೆಬಾಸ್ಟಿಯನ್ಸ್ ಕಾಟನ್ ಕ್ಲಬ್ಬಿಗೆ ಬಂದ. ಅಲ್ಲಿ ಅವನ ಹಿಂದೆ ನುಡಿಸುತ್ತಿದ್ದ ಲೆಸ್ ಹೈಟ್ ಬ್ಯಾಂಡಿನ ಡ್ರಮ್ ವಾದಕ ಹ್ಯಾಂಪ್ಟನ್. ಧ್ವನಿಮುದ್ರಣಕ್ಕೆ ಹೋದಾಗ ಸ್ಟುಡಿಯೋ ಮೂಲೆಯಲ್ಲಿ ಒಂದು ವೈಬ್ರಫೋನ್ ಬಿದ್ದಿತ್ತು. ಇದನ್ನು ನುಡಿಸೋಕೆ ಬರುತ್ತಾ ಅಂತ ಆರ್ಮ್‌ಸ್ಟ್ರಾಂಗ್ ಕೇಳಿದ. ಕ್ಸೈಲೋಫೋನ್ ಬಲ್ಲವನಿಗೆ ಪಟ್ಟಿಗಳ ಜೋಡಣೆ ಹೊಸದಲ್ಲ. ಆರ್ಮ್‌ಸ್ಟ್ರಾಂಗ್‌ನ ತುತ್ತೂರಿಯ ಸೋಲೋ ಒಂದನ್ನೇ ಅದರ ಮೇಲೆ ಬಾರಿಸಿ ತೋರಿಸಿದನಂತೆ. ಅಕ್ಟೋಬರ್ 16ರಂದು ಮುದ್ರಿಸಿದ ‘ಮೆಮರೀಸ್ ಆಫ್ ಯು’ ಹಾಡಿನ ಆರಂಭದಲ್ಲಿ ಆ ನಾದ ಕೇಳಿಸುತ್ತೆ. ಜಾಸ್‌ನಲ್ಲಿ ವೈಬ್ರಫೋನಿನ ಮೊದಮೊದಲ ದಾಖಲೆಗಳಲ್ಲಿ ಇದೊಂದು. ಕೆಲವೇ ಸೆಕೆಂಡು. ನಿರೀಕ್ಷೆ ಇಟ್ಟುಕೊಂಡು ಕೇಳಿದರೆ ಇಷ್ಟೇನಾ ಅನ್ನಿಸಬಹುದು, ಆದರೆ ರೇಡಿಯೋ ಗಂಟೆ ಅಲ್ಲಿ ಮಾತಾಡೋಕೆ ಶುರು ಮಾಡಿದೆ.

ಇನ್ನು ಪ್ರಸಿದ್ಧವಾದ ದಾಟುವಿಕೆಗೆ ಬರ್ತೀನಿ. 1936ರ ಆಗಸ್ಟ್‌ನಲ್ಲಿ ಹ್ಯಾಂಪ್ಟನ್ ಲಾಸ್ ಏಂಜಲೀಸ್‌ನ ಪ್ಯಾರಡೈಸ್ ಕೆಫೆ ಎಂಬ ಸಾಧಾರಣ ಜಾಗದಲ್ಲಿ ತನ್ನದೇ ಸಣ್ಣ ಬ್ಯಾಂಡು ಕಟ್ಟಿಕೊಂಡಿದ್ದ. ಸ್ವಿಂಗ್ ಸಂಗೀತದ ಅಂದಿನ ಅತಿ ದೊಡ್ಡ ಹೆಸರು, ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅಲ್ಲಿಗೆ ಬಂದು ಕೇಳಿದ. ಆಮೇಲೆ ತನ್ನ ಜೊತೆಗಾರರಾದ ಪಿಯಾನೋದ ಟೆಡ್ಡಿ ವಿಲ್ಸನ್, ಡ್ರಮ್ಮಿನ ಜೀನ್ ಕ್ರೂಪಾ ಅವರನ್ನೂ ಕರೆತಂದು ಹ್ಯಾಂಪ್ಟನ್ ಜೊತೆ ನುಡಿಸಿದ. ಆಗಸ್ಟ್ 21ರಂದು ನಾಲ್ವರೂ ಸೇರಿ ‘ಮೂನ್‌ಗ್ಲೋ’ ಮುದ್ರಿಸಿದರು. ಗುಡ್‌ಮನ್, ಕ್ರೂಪಾ ಬಿಳಿಯರು. ವಿಲ್ಸನ್, ಹ್ಯಾಂಪ್ಟನ್ ಕಪ್ಪು ಜನಾಂಗದವರು. ಸ್ಟುಡಿಯೋದ ಒಳಗೆ ಇಂಥ ಕೂಟ ಮೊದಲೂ ನಡೆದಿತ್ತು, ಯಾಕಂದ್ರೆ ರೆಕಾರ್ಡಿನ ಮೇಲೆ ಮೈಬಣ್ಣ ಕಾಣಿಸಲ್ಲ. ಟಿಕೆಟ್ ಕೊಂಡು ಬಂದ ಜನರ ಕಣ್ಣ ಮುಂದೆ ಜೊತೆಗೆ ಕೂರುವುದು ಬೇರೆಯೇ ಮಾತು. ವಿಲ್ಸನ್ ಅದೇ ವರ್ಷ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಗುಡ್‌ಮನ್ ಜೊತೆ ಹಾಗೆ ಕೂತಾಗಿತ್ತು. ನವೆಂಬರ್‌ನಿಂದ ಹ್ಯಾಂಪ್ಟನ್ ಕೂಡ ಸೇರಿ ನಾಲ್ವರ ತಂಡ ದೇಶ ಸುತ್ತತೊಡಗಿತು. ಜಾಕಿ ರಾಬಿನ್ಸನ್ ಬೇಸ್‌ಬಾಲಿನ ಬಣ್ಣದ ಗೋಡೆ ಒಡೆದದ್ದು 1947ರಲ್ಲಿ, ಅಂದ್ರೆ ಹನ್ನೊಂದು ವರ್ಷದ ಆಮೇಲೆ.

ಇದು ದೊಡ್ಡ ಘಟನೆಯೇ. ಆದರೆ ವ್ಯವಸ್ಥೆ ಹೇಗಿತ್ತು ನೋಡಿ. ಗುಡ್‌ಮನ್‌ನ ದೊಡ್ಡ ಆರ್ಕೆಸ್ಟ್ರಾ ಆಗ ಬಿಳಿಯರದೇ. ಅದು ನುಡಿಸಿ ಮುಗಿಸಿದ ಮೇಲೆ, ವಿಶೇಷ ಆಕರ್ಷಣೆ ಎಂಬಂತೆ, ನಾಲ್ವರ ತಂಡ ಮುಂದೆ ಬರುತ್ತಿತ್ತು. ಅಂದ್ರೆ ಗೆರೆ ಅಳಿಸಿರಲಿಲ್ಲ, ಅದರಲ್ಲೊಂದು ಕಿಂಡಿ ಬಿಟ್ಟಿದ್ದರು. ಕಾರ್ಯಕ್ರಮದಲ್ಲಿ ಇಷ್ಟು ನಿಮಿಷ ಅಂತ ಆ ಕಿಂಡಿಗೂ ಹೊತ್ತು ಗೊತ್ತಿತ್ತು. 1938ರ ಮಾರ್ಚ್‌ನಲ್ಲಿ ಕ್ರೂಪಾ ಬಿಟ್ಟು ಹೋದಾಗ ಕೆಲವು ದಿನ ಹ್ಯಾಂಪ್ಟನ್ ದೊಡ್ಡ ಆರ್ಕೆಸ್ಟ್ರಾದ ಡ್ರಮ್ ಹಿಂದೆ ಕೂತ. ಅಗತ್ಯ ಬಿದ್ದಾಗ ಗೆರೆ ಸರಿಯುತ್ತೆ, ಇದು ಎಲ್ಲ ಗೆರೆಗಳ ಗುಣ. ವೇದಿಕೆ ಇಳಿದ ಮೇಲೆ, ಮುಖ್ಯವಾಗಿ ದಕ್ಷಿಣದ ರಾಜ್ಯಗಳಲ್ಲಿ, ಹೋಟೆಲು ಬೇರೆ, ಊಟದ ಮೇಜು ಬೇರೆ, ಒಳಗೆ ಹೋಗುವ ಬಾಗಿಲೂ ಬೇರೆ. ಬಿಳಿ ಜೊತೆಗಾರರು ಉಳಿದುಕೊಂಡ ಕಡೆ ಚಪ್ಪಾಳೆ ಗಿಟ್ಟಿಸಿದ ಮನುಷ್ಯನಿಗೆ ಕೋಣೆ ಇಲ್ಲ. ಊರಿನ ಕಪ್ಪು ಕೇರಿಯಲ್ಲಿ ಯಾರದೋ ಮನೆಯಲ್ಲಿ ಮಲಗಬೇಕು.

ನಮ್ಮ ರಾಯದುರ್ಗದ ಕಡೆ ಜಾತ್ರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉರುಮೆ ಸದ್ದಾಗದೆ ದೇವರು ಹೊರಡಲ್ಲ. ಉರುಮೆ ಬಡಿದವರಿಗೆ ಎಲೆ ಹಾಕೋದು ಎಲ್ಲಿ ಅನ್ನೋದು ಬೇರೆ ಪ್ರಶ್ನೆ. ಈ ಹೋಲಿಕೆಯನ್ನು ನಾನು ಇನ್ನೂ ಎಳೆಯಲ್ಲ. ಜಾತಿಯೂ ಬಣ್ಣವೂ ಒಂದೇ ಅಲ್ಲ, ಎರಡರ ಚರಿತ್ರೆಯೂ ಬೇರೆ. ವಾದ್ಯದ ದನಿಗೆ ಸಿಕ್ಕ ಪ್ರವೇಶ ವಾದಕನ ಮೈಗೆ ಸಿಗದೇ ಇರುವುದು ಎರಡೂ ಕಡೆ ಇದೆ, ಅಷ್ಟನ್ನು ಮಾತ್ರ ಹೇಳ್ತಾ ಇದ್ದೀನಿ.

1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗುಡಿ ಅನ್ನಿಸಿಕೊಂಡ ಜಾಗದಲ್ಲಿ, ಗುಡ್‌ಮನ್ ಕಛೇರಿ ನಡೆಯಿತು, ಈ ನಾಲ್ವರೂ ನುಡಿಸಿದರು. 1950ರಲ್ಲಿ ಅದು ರೆಕಾರ್ಡಾಗಿ ಹೊರಬಂತು, ಈಗಲೂ ಕೇಳಬಹುದು. ಹ್ಯಾಂಪ್ಟನ್‌ನ ಕೈಚಳಕದ ಗುಟ್ಟು ಅದರಲ್ಲಿ ಗೊತ್ತಾಗುತ್ತೆ. ಆತ ಮೂಲತಃ ಡ್ರಮ್ಮಿನವನು. ಎರಡೇ ಕೋಲು. ಸ್ವರ ಹುಡುಕುತ್ತಾ ಹೋಗಲ್ಲ, ಲಯವನ್ನು ಅಟ್ಟಿಸಿಕೊಂಡು ಹೋಗುತ್ತಾನೆ, ಸ್ವರಗಳು ದಾರಿಯಲ್ಲಿ ಸಿಗುತ್ತವೆ. ಮೋಟಾರು ಜೋರಾಗಿ ತಿರುಗುವುದರಿಂದ ನಾದದಲ್ಲಿ ಒಂದು ನಡುಕ. ಮುಂದೆ ಇವನನ್ನು ಕೇಳಿಯೇ ಈ ವಾದ್ಯಕ್ಕೆ ಬಂದ ಮಿಲ್ಟ್ ಜಾಕ್ಸನ್, ಮಾಡರ್ನ್ ಜಾಸ್ ಕ್ವಾರ್ಟೆಟ್‌ನ ವಾದಕ, ಮೋಟಾರಿನ ವೇಗವನ್ನು ಮೂರನೇ ಒಂದು ಭಾಗದಷ್ಟಕ್ಕೆ ಇಳಿಸಿದ. ನಡುಗುತ್ತಿದ್ದ ನಾದ ಉಸಿರಾಡುವಂತಾಯಿತು. ನನಗೆ ಜಾಕ್ಸನ್ ಹೆಚ್ಚು ಇಷ್ಟ, ಇದನ್ನು ಮುಚ್ಚಿಡೋದು ಬೇಡ. ಆದರೆ ಜಾಕ್ಸನ್‌ಗೆ ನಿಧಾನ ಮಾಡುವ ಸ್ವಾತಂತ್ರ್ಯ ಸಿಗಬೇಕಾದರೆ ಮೊದಲು ಯಾರಾದರೂ ಈ ವಾದ್ಯಕ್ಕೆ ಜನ ಸೇರಿಸಬೇಕಿತ್ತು.

ಗುಡ್‌ಮನ್ ಜೊತೆ ಇರುವಾಗಲೇ, 1937ರಿಂದ, ವಿಕ್ಟರ್ ಕಂಪನಿ ಹ್ಯಾಂಪ್ಟನ್ ಹೆಸರಿನಲ್ಲೇ ರೆಕಾರ್ಡು ತರತೊಡಗಿತು. ಊರಿಗೆ ಯಾವ ಬ್ಯಾಂಡು ಬಂದಿದೆಯೋ ಅದರಲ್ಲಿನ ಒಳ್ಳೆಯವರನ್ನು ಆರಿಸಿ ಕರೆಯುತ್ತಿದ್ದ. 1939ರ ಸೆಪ್ಟೆಂಬರ್ 11ರ ಒಂದೇ ಮುದ್ರಣದಲ್ಲಿ ಕೋಲ್ಮನ್ ಹಾಕಿನ್ಸ್, ಬೆನ್ ವೆಬ್‌ಸ್ಟರ್, ಚೂ ಬೆರಿ, ಬೆನ್ನಿ ಕಾರ್ಟರ್, ಗಿಟಾರಿನ ಚಾರ್ಲಿ ಕ್ರಿಶ್ಚಿಯನ್, ಇನ್ನೂ ಹೆಸರು ಮಾಡಿರದ ಡಿಜ್ಜಿ ಗಿಲೆಸ್ಪಿ ಇದ್ದಾರೆ. ಜಾಸ್ ಬಲ್ಲವರಿಗೆ ಈ ಪಟ್ಟಿ ಕೇಳಿದರೇ ರೋಮಾಂಚನ. 1940ರಲ್ಲಿ ನ್ಯಾಟ್ ಕಿಂಗ್ ಕೋಲ್ ಜೊತೆ ಮುದ್ರಿಸಿದ ‘ಸೆಂಟ್ರಲ್ ಅವೆನ್ಯೂ ಬ್ರೇಕ್‌ಡೌನ್’ನಲ್ಲಿ ಹ್ಯಾಂಪ್ಟನ್ ಪಿಯಾನೋವನ್ನು ಎರಡೇ ಬೆರಳಲ್ಲಿ, ವೈಬ್ರಫೋನಿನ ಕೋಲುಗಳ ಹಾಗೆ ಬಾರಿಸುತ್ತಾನೆ. ನಗು ಬರುತ್ತೆ, ಜೊತೆಗೆ ಭೇಷ್ ಅಂತಲೂ ಅನ್ನಿಸುತ್ತೆ.

1940ರ ಬೇಸಿಗೆಯಲ್ಲಿ ಗುಡ್‌ಮನ್ ಅನಾರೋಗ್ಯದಿಂದ ಬ್ಯಾಂಡು ನಿಲ್ಲಿಸಿದಾಗ ಹ್ಯಾಂಪ್ಟನ್ ಸ್ವಂತ ದೊಡ್ಡ ಬ್ಯಾಂಡು ಕಟ್ಟಿದ. 1942ರ ಮೇ 26ರಂದು ಮುದ್ರಿಸಿದ ‘ಫ್ಲೈಯಿಂಗ್ ಹೋಮ್’ ಅವನ ಗುರುತಾಯಿತು. ಮೊದಲ ಸಲ ವಿಮಾನ ಹತ್ತುವಾಗ ಹೆದರಿ ಗುನುಗಿಕೊಂಡ ರಾಗ ಅದು ಅಂತ ಆತನೇ ಹೇಳುತ್ತಿದ್ದ. ಆ ರೆಕಾರ್ಡಿನಲ್ಲಿ ಜನರ ಬಾಯಿಗೆ ಬಿದ್ದದ್ದು ವೈಬ್ರಫೋನಲ್ಲ, ಹತ್ತೊಂಬತ್ತರ ಹುಡುಗ ಇಲಿನಾಯ್ ಜಾಕೆಯ ಸ್ಯಾಕ್ಸೋಫೋನ್ ಸೋಲೋ. ಮುಂದೆ ಆ ಬ್ಯಾಂಡಿಗೆ ಯಾವ ಸ್ಯಾಕ್ಸೋಫೋನಿನವನು ಬಂದರೂ ಆ ಸೋಲೋ ಒಪ್ಪಿಸಲೇಬೇಕು ಎಂಬಷ್ಟು ಅದು ಗಟ್ಟಿಯಾಯಿತು. ಆಶುವಾಗಿ ಹುಟ್ಟಿದ್ದು ಪಾಠವಾಗುವ ಬಗೆ ಇದು. ಬಾಯಿಪಾಠದ ಕಾವ್ಯಗಳಲ್ಲಿ ನಾವು ನೋಡೋದೂ ಇದನ್ನೇ.

ಸಾಹಿತ್ಯದ ವಿದ್ಯಾರ್ಥಿನಿಯಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. 1944ರಲ್ಲಿ ರಾಲ್ಫ್ ಎಲಿಸನ್ ಇದೇ ಹೆಸರಿನ ಒಂದು ಕತೆ ಪ್ರಕಟಿಸಿದ: ‘ಫ್ಲೈಯಿಂಗ್ ಹೋಮ್’. ಯುದ್ಧಕ್ಕಾಗಿ ವಿಮಾನ ಹಾರಿಸಲು ಕಲಿಯುತ್ತಿರುವ ಕಪ್ಪು ಯುವಕನೊಬ್ಬ ಅಲಬಾಮದ ಹೊಲವೊಂದರಲ್ಲಿ ಬೀಳುತ್ತಾನೆ. ಅವನನ್ನು ಕಂಡು ಉಪಚರಿಸುವವನು ಒಬ್ಬ ಹಳ್ಳಿ ಮುದುಕ. ತಾನು ಯಾರಿಂದ ದೂರ ಹಾರಿ ಬಂದೆ ಅಂದುಕೊಂಡಿದ್ದನೋ ಅಂಥ ಮನುಷ್ಯನ ಕೈಯಲ್ಲೇ ಯುವಕನ ಪ್ರಾಣ ಇದೆ. ಹ್ಯಾಂಪ್ಟನ್‌ನ ರೆಕಾರ್ಡಿನಲ್ಲಿ ಹಾರುವುದು ಬರೀ ಖುಷಿ. ಎಲಿಸನ್‌ನ ಕತೆಯಲ್ಲಿ ಹಾರಿದವನು ಬೀಳುತ್ತಾನೆ, ಬಿದ್ದ ಮೇಲೆ ಮನೆ ಯಾವುದು ಅಂತ ಗೊತ್ತಾಗುತ್ತೆ. ಎರಡು ವರ್ಷದ ಅಂತರದ ಈ ಎರಡನ್ನೂ ಒಟ್ಟಿಗೆ ಪಾಠ ಮಾಡಿದರೆ ಚೆನ್ನಾಗಿರುತ್ತೆ.

ಇನ್ನು ನಾನು ಹೇಳಬೇಕೆಂದಿದ್ದ ಎರಡನೇ ಕತೆ. ಅದರ ನಡುವೆ ಇರುವವಳು ಗ್ಲ್ಯಾಡಿಸ್. 1936ರ ನವೆಂಬರ್‌ನಲ್ಲಿ, ಗುಡ್‌ಮನ್ ಬ್ಯಾಂಡು ಸೇರಲು ಪೂರ್ವಕ್ಕೆ ಹೊರಟ ದಾರಿಯಲ್ಲೇ, ಅರಿಜೋನಾದ ಯೂಮಾ ಎಂಬ ಊರಿನಲ್ಲಿ ಹ್ಯಾಂಪ್ಟನ್ ಆಕೆಯನ್ನು ಮದುವೆಯಾದ. ಹಾಲಿವುಡ್ ನಟಿಯರಿಗೆ ಬಟ್ಟೆ ಹೊಲಿಯುತ್ತಿದ್ದ ಜಾಣೆ. ಮದುವೆಯ ಮೇಲೆ ಬ್ಯಾಂಡಿನ ಪೂರ್ತಿ ವ್ಯವಹಾರ ಆಕೆಯದು: ಕರಾರು, ಬಸ್ಸು, ಸಂಬಳ, ಹಾಡುಗಳ ಹಕ್ಕು ಇಟ್ಟುಕೊಳ್ಳುವ ಪ್ರಕಾಶನ ಸಂಸ್ಥೆ, ಮುಂದೆ ಗ್ಲ್ಯಾಡ್-ಹ್ಯಾಂಪ್ ಎಂಬ ಸ್ವಂತ ರೆಕಾರ್ಡ್ ಕಂಪನಿ. ಕಪ್ಪು ಸಂಗೀತಗಾರರ ಹಾಡುಗಳನ್ನು ಬಿಡಿಕಾಸಿಗೆ ಬರೆಸಿಕೊಂಡು ಬಿಳಿ ಏಜೆಂಟರು ಸಾಹುಕಾರರಾಗುತ್ತಿದ್ದ ಕಾಲದಲ್ಲಿ ಒಬ್ಬ ಕಪ್ಪು ಹೆಣ್ಣುಮಗಳು ಲೆಕ್ಕದ ಪುಸ್ತಕ ತನ್ನ ಕೈಯಲ್ಲೇ ಇಟ್ಟುಕೊಂಡಳು. ಹ್ಯಾಂಪ್ಟನ್‌ನ ಬ್ಯಾಂಡು ಅಷ್ಟು ದೀರ್ಘಕಾಲ ಉಳಿದದ್ದಕ್ಕೆ ಆಕೆ ದೊಡ್ಡ ಕಾರಣ. ಕೋಲು ಹಿಡಿದವನ ಹೆಸರು ಚರಿತ್ರೆಗೆ ಸೇರುತ್ತೆ, ಲೆಕ್ಕ ಬರೆದವಳದು ಅಡಿಟಿಪ್ಪಣಿಗೆ. ಆಕೆಯ ಮೇಲೇ ಒಂದು ಪ್ರತ್ಯೇಕ ಪ್ರಬಂಧ ಆಗಬೇಕು.

ಆದರೆ ಅದೇ ಪುಸ್ತಕದ ಇನ್ನೊಂದು ಪುಟವೂ ಇದೆ. ಆ ಬ್ಯಾಂಡು ಒಂದು ಗುರುಕುಲದ ಹಾಗಿತ್ತು. ಡೆಕ್ಸ್‌ಟರ್ ಗಾರ್ಡನ್, ಗಾಯಕಿಯರಾದ ಡೈನಾ ವಾಷಿಂಗ್ಟನ್ ಮತ್ತು ಬೆಟ್ಟಿ ಕಾರ್ಟರ್, ಚಾರ್ಲ್ಸ್ ಮಿಂಗಸ್, ವೆಸ್ ಮಾಂಟ್ಗೊಮರಿ, ಕ್ಲಿಫರ್ಡ್ ಬ್ರೌನ್, ಕ್ವಿನ್ಸಿ ಜೋನ್ಸ್, ಎಲ್ಲರೂ ಅಲ್ಲಿ ದಾಟಿ ಹೋದವರೇ. ದಾಟಿ ಹೋದರು, ನಿಲ್ಲಲಿಲ್ಲ. ಅದಕ್ಕೆ ಒಂದು ಕಾರಣ ಸಂಬಳ. ಕಡಿಮೆ ಕೊಡುತ್ತಾರೆ, ಹೆಚ್ಚು ದುಡಿಸುತ್ತಾರೆ ಎಂಬ ದೂರು ಅಲ್ಲಿದ್ದವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಎಳೆಯರು ಕಲಿಯೋಕೆ ಬರುತ್ತಾರೆ, ಹಸಿದಿರುತ್ತಾರೆ, ಕೊಟ್ಟಷ್ಟಕ್ಕೆ ಒಪ್ಪುತ್ತಾರೆ. ಗುರುಕುಲ ಅನ್ನೋ ಮಾತಿಗೆ ಈ ಅರ್ಥವೂ ಇದೆ ಅಂತ ಸಂಶೋಧನಾ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಕ್ವಿನ್ಸಿ ಜೋನ್ಸ್ ಹೈಸ್ಕೂಲ್ ಹುಡುಗನಾಗಿದ್ದಾಗ ಒಮ್ಮೆ ಬ್ಯಾಂಡಿನ ಬಸ್ಸು ಹತ್ತಿ ಕೂತುಬಿಟ್ಟಿದ್ದನಂತೆ. ಗ್ಲ್ಯಾಡಿಸ್ ಅವನನ್ನು ಇಳಿಸಿ, ಮೊದಲು ಓದು ಮುಗಿಸು ಅಂತ ಕಳಿಸಿದಳು. 1951ರಲ್ಲಿ ಆತ ನಿಜವಾಗಿ ಸೇರಿದ. ಆಮೇಲಿನ ಅವಸ್ಥೆಯನ್ನೂ ಆತನೇ ಬರೆದಿದ್ದಾನೆ: ನೇರಳೆ ಬಣ್ಣದ ಬರ್ಮುಡಾ ಚಡ್ಡಿ, ತಲೆಗೆ ಟಿರೋಲ್ ಬೆಟ್ಟಸೀಮೆಯ ಟೋಪಿ ಹಾಕಿಕೊಂಡು ವೇದಿಕೆ ಹತ್ತಬೇಕಾಗಿತ್ತು. ಹೊಸ ಸಂಗೀತ ಕಟ್ಟುತ್ತಿದ್ದ ತಮ್ಮ ಆರಾಧ್ಯರ ಕಣ್ಣಿಗೆ ಆ ವೇಷದಲ್ಲಿ ಬಿದ್ದರೆ ಏನು ಗತಿ ಅಂತ ಹುಡುಗರಿಗೆ ನಾಚಿಕೆ.

1953ರ ಸೆಪ್ಟೆಂಬರ್‌ನಲ್ಲಿ ಈ ಬ್ಯಾಂಡು ಯುರೋಪಿಗೆ ಹೋಯಿತು. ಆಗ ಅದರಲ್ಲಿ ಕ್ಲಿಫರ್ಡ್ ಬ್ರೌನ್, ಆರ್ಟ್ ಫಾರ್ಮರ್, ಜಿಜಿ ಗ್ರೈಸ್, ಕ್ವಿನ್ಸಿ ಜೋನ್ಸ್ ಇದ್ದರು. ಎಲ್ಲರೂ ಮೂವತ್ತರ ಒಳಗಿನವರು. ಯುರೋಪಿನ ರೆಕಾರ್ಡ್ ಕಂಪನಿಗಳಿಗೆ ಇವರು ಬೇಕು. ಹ್ಯಾಂಪ್ಟನ್ ಕಡೆಯಿಂದ ಕಟ್ಟಪ್ಪಣೆ: ನಮ್ಮನ್ನು ಬಿಟ್ಟು ಯಾರೂ ಎಲ್ಲೂ ರೆಕಾರ್ಡು ಮಾಡಕೂಡದು, ಮಾಡಿದರೆ ಕೆಲಸ ಹೋಯಿತು. ಹುಡುಗರು ರಾತ್ರಿ ಹೋಟೆಲ್ಲಿನ ಹಿಂದಿನ ಬೆಂಕಿ ಮೆಟ್ಟಿಲಿನಿಂದ ವಾದ್ಯ ಹಿಡಿದುಕೊಂಡು ಕದ್ದಿಳಿದರು. ಸೆಪ್ಟೆಂಬರ್ 15ರಂದು ಸ್ಟಾಕ್‌ಹೋಮಿನಲ್ಲಿ ಬ್ರೌನ್ ಮತ್ತು ಫಾರ್ಮರ್ ಸ್ವೀಡನ್ನಿನ ವಾದಕರ ಜೊತೆ ಮುದ್ರಿಸಿದರು, ಸಂಯೋಜನೆ ಕ್ವಿನ್ಸಿಯದು. ಆಮೇಲೆ ಪ್ಯಾರಿಸ್‌ನಲ್ಲಿ ವೋಗ್ ಕಂಪನಿಗೆ ಒಂದರ ಮೇಲೊಂದು. ಕ್ಲಿಫರ್ಡ್ ಬ್ರೌನ್ 1956ರಲ್ಲಿ, ಇಪ್ಪತ್ತೈದನೇ ವಯಸ್ಸಿಗೆ, ಕಾರು ಅಪಘಾತದಲ್ಲಿ ತೀರಿಕೊಂಡ. ಆ ಕಳ್ಳ ರೆಕಾರ್ಡುಗಳು ಇಲ್ಲದಿದ್ದರೆ ಅಷ್ಟು ದೊಡ್ಡ ಕಲಾವಿದನ ಒಂದು ಇಡೀ ಅಧ್ಯಾಯ ನಮಗೆ ಸಿಗುತ್ತಿರಲಿಲ್ಲ. ಇನ್ನೊಂದು ವಿಷಯ: ಅದೇ ಪ್ಯಾರಿಸ್‌ನಲ್ಲಿ, ಅದೇ ಸೆಪ್ಟೆಂಬರ್ 28ರಂದು, ಅದೇ ವೋಗ್ ಕಂಪನಿಗೆ ಹ್ಯಾಂಪ್ಟನ್ ತನ್ನ ಹೆಸರಿನಲ್ಲಿ ರೆಕಾರ್ಡು ಮಾಡಿದ್ದಾನೆ.

ಅದಾದ ಮೂರೇ ದಿನಕ್ಕೆ, ಅಕ್ಟೋಬರ್ 1ಕ್ಕೆ, ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲ, ನನಗೆ ಪ್ಯಾರಿಸ್ ತಾರೀಖು ಮರೆಯದೇ ಇರೋದು ಇದರಿಂದ ಅಂತ ಹೇಳಿದೆ, ಅಷ್ಟೆ.

1936ರ ಕಿಂಡಿಯ ಮೂಲಕ ದಾಟಿ ಬಂದ ಮನುಷ್ಯ 1953ರಲ್ಲಿ ಹೋಟೆಲ್ ಬಾಗಿಲಲ್ಲಿ ಕಾವಲು ಹಾಕುವವನಾದ. ಇದನ್ನು ದುರಾಸೆ ಅಂತ ಒಂದೇ ಮಾತಲ್ಲಿ ಮುಗಿಸಿದರೆ ಚರಿತ್ರೆ ಬರೆದ ಹಾಗಾಗಲ್ಲ. ಕಪ್ಪು ಬ್ಯಾಂಡಿಗೆ ದಕ್ಷಿಣದಲ್ಲಿ ಹೋಟೆಲು ಇಲ್ಲ, ದೊಡ್ಡ ಹೋಟೆಲುಗಳ ವರ್ಷಪೂರ್ತಿಯ ಕರಾರುಗಳು ಹೆಚ್ಚಾಗಿ ಬಿಳಿ ಬ್ಯಾಂಡುಗಳಿಗೆ. ಒಂದೊಂದು ರಾತ್ರಿ ಒಂದೊಂದು ಊರು ಅಂತ ಬಸ್ಸಿನಲ್ಲಿ ಸುತ್ತಿಯೇ ಬದುಕಬೇಕು. ಯುದ್ಧದ ಮೇಲೆ ದೊಡ್ಡ ಬ್ಯಾಂಡುಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ಇವನದು ಉಳಿಯಿತು. ಬಿಗಿ ಹಿಡಿದಿದ್ದರಿಂದಲೇ ಉಳಿಯಿತು ಅನ್ನಬಹುದು. ಇದು ವಿವರಣೆ. ಆದರೆ ಬಿಗಿ ಹಿಡಿದದ್ದರ ಬೆಲೆ ತೆತ್ತವರು ಅವನಷ್ಟೇ ಕಪ್ಪಾಗಿದ್ದ, ಅವನಿಗಿಂತ ಬಡವರಾಗಿದ್ದ ಹುಡುಗರು. ವಿವರಣೆ ಸಿಕ್ಕಿತು ಅಂತ ಆ ಬಾಕಿ ಚುಕ್ತಾ ಆಗಲ್ಲ.

ಮುಂದಿನದನ್ನು ಬೇಗ ಹೇಳ್ತೀನಿ. ಹ್ಯಾಂಪ್ಟನ್ ಜೀವಮಾನದ ಬಹುಪಾಲು ರಿಪಬ್ಲಿಕನ್ ಪಕ್ಷದ ಬೆಂಬಲಿಗ. ನ್ಯೂಯಾರ್ಕಿನ ಗವರ್ನರ್ ರಾಕಫೆಲರ್ ಜೊತೆಗಿನ ಆ ನಂಟನ್ನು ಹಾರ್ಲೆಮ್‌ನಲ್ಲಿ ಕಡಿಮೆ ಆದಾಯದವರಿಗೆ ಮನೆ ಕಟ್ಟಿಸಲು ಬಳಸಿದ. ಲಯೋನೆಲ್ ಹ್ಯಾಂಪ್ಟನ್ ಹೌಸಸ್, ಗ್ಲ್ಯಾಡಿಸ್ ಹ್ಯಾಂಪ್ಟನ್ ಹೌಸಸ್ ಅಂತ ಎರಡು ವಸತಿ ಸಮುಚ್ಚಯಗಳಾದವು. ಹೋಟೆಲ್ ಕೋಣೆ ಸಿಗದೆ ಅಲೆದವನು ಮನೆ ಕಟ್ಟಿಸಿದ್ದು ನನಗೆ ಅವನ ಯಾವ ಪ್ರಶಸ್ತಿಗಿಂತಲೂ ದೊಡ್ಡದಾಗಿ ಕಾಣುತ್ತೆ. ಗ್ಲ್ಯಾಡಿಸ್ 1971ರಲ್ಲಿ ತೀರಿಕೊಂಡಳು. 1987ರಲ್ಲಿ ಐಡಾಹೋ ವಿಶ್ವವಿದ್ಯಾಲಯ ತನ್ನ ಸಂಗೀತ ಶಾಲೆಗೆ ಅವನ ಹೆಸರಿಟ್ಟಿತು. 1997ರ ಜನವರಿಯಲ್ಲಿ ಮ್ಯಾನ್‌ಹಟನ್ನಿನ ಅವನ ಮನೆಗೆ ಬೆಂಕಿ ಬಿದ್ದು ವಾದ್ಯ, ಸ್ವರಲಿಪಿ, ಬಟ್ಟೆಬರೆ ಎಲ್ಲ ಹೋಯಿತು. ಎರಡು ದಿನದ ಮೇಲೆ ಎರವಲು ಬಟ್ಟೆ ಹಾಕಿಕೊಂಡು, ಗಾಲಿಕುರ್ಚಿಯಲ್ಲಿ ಶ್ವೇತಭವನಕ್ಕೆ ಹೋಗಿ ರಾಷ್ಟ್ರೀಯ ಕಲಾ ಪದಕ ಸ್ವೀಕರಿಸಿದ. 2002ರ ಆಗಸ್ಟ್ 31ರಂದು, ತೊಂಬತ್ತನಾಲ್ಕನೇ ವಯಸ್ಸಿನಲ್ಲಿ ನಿಧನ. ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಿಂದ ರಿವರ್‌ಸೈಡ್ ಚರ್ಚಿನವರೆಗೆ ಬ್ಯಾಂಡು ಬಾರಿಸುತ್ತಾ ಮೆರವಣಿಗೆ ಹೋಯಿತು, ಮುಂದೆ ತುತ್ತೂರಿ ಹಿಡಿದವನು ವಿಂಟನ್ ಮಾರ್ಸಾಲಿಸ್.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಸಂವಾದ

ಪ್ರಶ್ನೆ: ಜಾಸ್ ನಮ್ಮಲ್ಲಿಗೆ ಬರಲೇ ಇಲ್ಲವಾ? ಗೋವಾದ ಕಡೆಯವಳಾಗಿ ಕೇಳ್ತಾ ಇದ್ದೀನಿ.

ಉತ್ತರ: ಬಂತು ಮೇಡಂ, ಬಹಳ ಮಟ್ಟಿಗೆ ನಿಮ್ಮ ಕಡೆಯವರ ಕೈಯಿಂದಲೇ. 1930ರ ದಶಕದಲ್ಲಿ ಬೊಂಬಾಯಿಯ ತಾಜ್ ಹೋಟೆಲಿನಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು ನುಡಿಸುತ್ತಿದ್ದರು. ಅವರಲ್ಲೊಬ್ಬ, ಪಿಯಾನೋದ ಟೆಡ್ಡಿ ವೆದರ್‌ಫರ್ಡ್, 1945ರಲ್ಲಿ ಕಲ್ಕತ್ತದಲ್ಲೇ ತೀರಿಕೊಂಡ. ಅವರ ಪಕ್ಕ ಕೂತು ಕಲಿತವರಲ್ಲಿ ಗೋವಾದವರು ಹೆಚ್ಚು. ಚಿಕ್ ಚಾಕೊಲೇಟ್ ಅಂತ ಹೆಸರಾದ ಅಂತೋನಿಯೊ ಶಾವಿಯೆರ್ ವಾಜ್ ಅವರನ್ನು ಭಾರತದ ಆರ್ಮ್‌ಸ್ಟ್ರಾಂಗ್ ಅಂತಲೇ ಕರೆಯುತ್ತಿದ್ದರು. ಇಂಥವರೇ ಮುಂದೆ ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಿಗೆ ಹೋದರು. ವೈಬ್ರಫೋನ್ ಕೂಡ ಆ ಸ್ಟುಡಿಯೋಗಳಲ್ಲಿ ಇತ್ತು, ಪಾರ್ಸಿ ಕುಟುಂಬದ ಬರ್ಜೋರ್ ಲಾರ್ಡ್ ಅದನ್ನು ನುಡಿಸುತ್ತಿದ್ದರು. ಸಿನಿಮಾ ಟೈಟಲ್ಲಿನಲ್ಲಿ ಬರುತ್ತಿದ್ದದ್ದು ಸಂಗೀತ ನಿರ್ದೇಶಕರ ಹೆಸರು, ಈ ವಾದಕರದು ಅಪರೂಪ. ಇದೂ ಲೆಕ್ಕದ ಪುಸ್ತಕದ ಪ್ರಶ್ನೆಯೇ.

ಪ್ರಶ್ನೆ: ಆ ಕಾಲದ ಎಲ್ಲ ಬ್ಯಾಂಡ್ ಯಜಮಾನರೂ ಹಾಗೇ ಇದ್ದರು. ಹ್ಯಾಂಪ್ಟನ್ ಒಬ್ಬನನ್ನೇ ಕಟಕಟೆಗೆ ಹತ್ತಿಸಿದ ಹಾಗಾಗಲಿಲ್ವಾ?

ಉತ್ತರ: ಸರ್, ಗುಡ್‌ಮನ್ ಕೂಡ ವಾದಕರ ಪಾಲಿಗೆ ಸುಲಭದ ಯಜಮಾನನಾಗಿರಲಿಲ್ಲ, ನಿಜ. ಆದರೆ ಎಲ್ಲರೂ ಹಾಗೇ ಇದ್ದರು ಅನ್ನೋದು ಯಜಮಾನರ ಕಡೆಯಿಂದ ನೋಡಿದಾಗ ಬರುವ ಉತ್ತರ. ಮೆಟ್ಟಿಲು ಇಳಿದ ಹುಡುಗರಿಗೆ ಒಬ್ಬನೇ ಯಜಮಾನ ಇದ್ದದ್ದು. ನಿಮಗೆ ಸಮಯ ಸಿಕ್ಕರೆ ‘ಮೂನ್‌ಗ್ಲೋ’ ಒಂದು ಸಲ ಕೇಳಿ, ಅದಾದ ಮೇಲೆ ಸ್ಟಾಕ್‌ಹೋಮಿನಲ್ಲಿ ಮುದ್ರಿಸಿದ ‘ಸ್ಟಾಕ್‌ಹೋಮ್ ಸ್ವೀಟ್ನಿನ್’ ಕೇಳಿ. ಮೊದಲನೆಯದರಲ್ಲಿ ಹ್ಯಾಂಪ್ಟನ್ ಇದ್ದಾನೆ. ಎರಡನೆಯದರಲ್ಲಿ ಅವನಿಲ್ಲ, ಅವನ ಬ್ಯಾಂಡಿನಿಂದ ಕದ್ದು ಬಂದವರು ಇದ್ದಾರೆ. ಎರಡೂ ನನ್ನ ಫೋನಿನಲ್ಲಿವೆ, ಯಾವುದನ್ನೂ ಅಳಿಸಿಲ್ಲ.